ಚೀಲದ ತಳದಲ್ಲೊಂದು ಬಂಗಲೆ

ಇಂಗ್ಲೆಂಡಿನ ಮನೆ ದಲ್ಲಾಳಿ ‘ಕಲ್-ಡಿ-ಸ್ಯಾಕ್‌ನಲ್ಲಿದೆ ಸ್ವಾಮಿ’ ಎನ್ನುವಾಗ ದನಿಯಲ್ಲೊಂದು ಗತ್ತು. ಫ್ರೆಂಚ್ ಪದವಲ್ಲವೇ, ಅತ್ತರು ಪೂಸಿಕೊಂಡೇ ಬರುತ್ತದೆ. ಬಿಡಿಸಿ ನೋಡಿದರೆ ಮುಜುಗರ. ‘ಸ್ಯಾಕ್’ ಅಂದರೆ ಚೀಲ, ಸರಿ. ‘ಕಲ್’ ಅಂದರೆ ತಳ. ಚೀಲದ್ದಷ್ಟೇ ಅಲ್ಲ, ನಾವು ಕುರ್ಚಿಯ ಮೇಲೆ ಊರುತ್ತೇವಲ್ಲ, ಅದೂ! ಒಟ್ಟಿನಲ್ಲಿ ಚೀಲದ ಅಂಡು. ಕೈ ತೂರಿಸಿದ ಬಾಯಿಂದಲೇ ಹೊರತೆಗೆಯಬೇಕು, ಆಚೆ ದಾರಿಯಿಲ್ಲ. ಹೊಕ್ಕ ಕಡೆಯಿಂದಲೇ ಹೊರಬರಬೇಕಾದ ಬೀದಿಗೆ ಹೆಸರು ಒಪ್ಪುತ್ತದೆ ಬಿಡಿ.

ಫ್ರೆಂಚ್ ಲೇಖಕ ವೋಲ್ಟೇರನಿಗೆ ಮಾತ್ರ ಒಪ್ಪಲಿಲ್ಲ. ಪಾದ್ರಿಗಳನ್ನೇ ಎದುರು ಹಾಕಿಕೊಂಡವನಿಗೆ ಬೀದಿಯ ಹೆಸರು ಯಾವ ಲೆಕ್ಕ? ಬೀದಿಗೂ ಅಂಡಿಗೂ ಎತ್ತಣ ನಂಟು ಎಂದು ರೇಗಿ, 18ನೇ ಶತಮಾನದಲ್ಲಿ ‘ಆಂಪಾಸ್’ ಎಂಬ ಮರ್ಯಾದಸ್ಥ ಪದವನ್ನು ಮುಂದಿಟ್ಟ. ಇಂದು ಪ್ಯಾರಿಸ್ಸಿನ ಅಂಥ ಬೀದಿಗಳ ನೀಲಿ ಫಲಕಗಳಲ್ಲಿ ಕಾಣುವುದು ಹೆಚ್ಚಾಗಿ ಅದೇ.

ಅಲ್ಲಿ ಹಳತಾದ ಮಾಲು ಇಂಗ್ಲಿಷರ ಕೈಯಲ್ಲಿ ಇಸ್ತ್ರಿಯಾಯಿತು. ಲಂಡನ್ನಿನ ಹ್ಯಾಂಪ್‌ಸ್ಟೆಡ್ ಗಾರ್ಡನ್ ಸಬರ್ಬ್‌ಗೆಂದೇ 1906ರಲ್ಲಿ ಬಂದ ಕಾಯಿದೆ, ದಾರಿಯಿಲ್ಲದ ಬೀದಿಗಳಿಗೂ ದಾರಿ ಮಾಡಿಕೊಟ್ಟಿತು. ಫ್ರೆಂಚರು ನುಂಗಿಬಿಡುವ ‘ಲ್’ ಅಕ್ಷರವನ್ನು ಇವರು ಗಟ್ಟಿಯಾಗಿಯೇ ಉಚ್ಚರಿಸುತ್ತಾರೆ. ಇನ್ನು ಬಹುವಚನ: ಎರಡು ಬೀದಿಗಳಿದ್ದರೆ ‘ಕಲ್ಸ್-ಡಿ-ಸ್ಯಾಕ್’ ಎನ್ನಬೇಕಂತೆ. ಪಂಡಿತರ ಲೆಕ್ಕದಲ್ಲಿ ಚೀಲ ಒಂದೇ, ಅಂಡುಗಳು ಮಾತ್ರ ಎರಡು.