ಕೇಪಿನ ಪಿಸ್ತೂಲಿನ ಬಿಡಿಭಾಗ ಮೀಮಾಂಸೆ

ಪಿಸ್ತೂಲು ಇಟ್ಟುಕೊಂಡವನು ಅದರ ಯಾವ ಯಾವ ಬಿಡಿಭಾಗ ಕೂಡಿಡಬೇಕು ಎಂಬ ಪ್ರಶ್ನೆಯನ್ನು ಪಾಶ್ಚಾತ್ಯ ಪಂಡಿತರು ಸಾಕಷ್ಟು ಅರೆದಿದ್ದಾರೆ. ರಿಕಾಯಿಲ್ ಸ್ಪ್ರಿಂಗು, ಫೈರಿಂಗ್ ಪಿನ್ನು, ಎಕ್ಸ್‌ಟ್ರಾಕ್ಟರು ಎಂಬ ಮೂರನ್ನು ತ್ರಿಮೂರ್ತಿಗಳ ಪಟ್ಟಕ್ಕೂ ಏರಿಸಿದ್ದಾರೆ. ಆದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ದೃಷ್ಟಿಯಿಂದ ವಿಷಯವನ್ನು ನೋಡುವ ಸೌಜನ್ಯ ಯಾರೂ ತೋರಲಿಲ್ಲ. ಈ ಘೋರ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ವಿನಮ್ರ ಉದ್ದೇಶ. (‘ವಿನಮ್ರ’ ಎಂಬುದನ್ನು ಪಿಎಚ್‌.ಡಿ. ಪದ್ಧತಿಯಂತೆ ಹಾಕಲಾಗಿದೆ.)

ಮೊದಲ ಹೆಜ್ಜೆಗೇ ಒಂದು ತೊಡಕು ಎದುರಾಗುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಆಯುಧದ ಭಾಗವೂ ಆಯುಧವೇ. ಕಾಯ್ದೆ ಇಲ್ಲಿ ಅಪ್ಪಟ ಅದ್ವೈತಿ. ಅಂಶ ಬೇರೆ, ಅಂಶಿ ಬೇರೆ ಎಂದರೆ ಒಪ್ಪುವುದಿಲ್ಲ. ಕಪಾಟಿನಲ್ಲಿ ಒಂದು ನಳಿಗೆಯನ್ನು ‘ಇರ್ಲಿ ಅಂತ’ ಇಟ್ಟುಕೊಂಡವನು ಠಾಣೆಯಲ್ಲಿ ದ್ವೈತ ವಾದಿಸಿ ಗೆಲ್ಲಲಾರ. ಒಬ್ಬ ಲೈಸೆನ್ಸುದಾರ ಮೂರು ಬಂದೂಕು ಇಟ್ಟುಕೊಳ್ಳಬಹುದಾಗಿದ್ದ ಮಿತಿಯನ್ನು 2019ರ ತಿದ್ದುಪಡಿ ಎರಡಕ್ಕೆ ಇಳಿಸಿತು. ಇನ್ನು ಚುನಾವಣೆ ಘೋಷಣೆಯಾದರೆ ಆ ಎರಡೂ ಠಾಣೆಗೆ ಜಮಾ ಆಗುವುದು ವಾಡಿಕೆ. 2024ರಲ್ಲಿ ಹಾವೇರಿ ಜಿಲ್ಲೆಯ ಶಿಗ್ಗಾವಿ ಉಪಚುನಾವಣೆಗೆ ನವೆಂಬರ್ 13ರಂದು ಮತದಾನವಿತ್ತು. ನಡುವೆಯೇ ದೀಪಾವಳಿ ಬಂದುಹೋಯಿತು. ನೀತಿಸಂಹಿತೆಯ ಆ ಹಬ್ಬದಲ್ಲೂ ಯಾವ ಅಧಿಕಾರಿಯ ಅಪ್ಪಣೆಗೂ ಕಾಯದೆ ಓಣಿ ಓಣಿಯಲ್ಲಿ ಸಿಡಿದದ್ದು ಒಂದೇ ಪಿಸ್ತೂಲು: ಕೇಪಿನದು. ಆದ್ದರಿಂದ ಸಂಶೋಧನೆಯ ವ್ಯಾಪ್ತಿಯನ್ನು ಅದಕ್ಕೇ ಸೀಮಿತಗೊಳಿಸಲಾಗಿದೆ. ವ್ಯಾಪ್ತಿ ಸೀಮಿತಗೊಳಿಸುವುದೂ ಪಿಎಚ್‌.ಡಿ. ಪದ್ಧತಿಯೇ.

ಅಸಲಿ ಗುಂಡಿನ ಮಾತು ಈ ಸೀಮೆಯಲ್ಲಿ ಹಗುರವಲ್ಲ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ ಗಾಂಧಿಯ ಜೊತೆ ದಂಡಿಗೆ ನಡೆದವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಅವರ ಜೊತೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠರೂ ಹೋದರು. ಆ ಅಧ್ಯಾಯಕ್ಕೆ ಕೈಮುಗಿದು, ನಮ್ಮ ತಗಡಿನ ಪಿಸ್ತೂಲಿಗೆ ಮರಳೋಣ.

ಅದರ ಅಂಗರಚನೆ ಇಂತಿದೆ. ಎರಡು ತಗಡಿನ ಹೋಳುಗಳು. ಒಂದರ ಅಂಚಿನ ಪುಟ್ಟ ಕಿವಿಗಳು ಇನ್ನೊಂದರ ಸೀಳಿನಲ್ಲಿ ತೂರಿ ಮಡಚಿಕೊಂಡಿರುತ್ತವೆ. ಒಳಗೆ ಟ್ರಿಗರ್, ಕುದುರೆ, ಕೇಪಿನ ರೀಲನ್ನು ಮೇಲೆ ನೂಕುವ ಒಂದು ಕೊಕ್ಕೆ ಮತ್ತು ಸ್ಪ್ರಿಂಗು. ಟ್ರಿಗರ್ ಎಳೆದರೆ ಕುದುರೆ ಹಿಂದಕ್ಕೆ ಸರಿಯುತ್ತದೆ, ಕೊಕ್ಕೆ ರೀಲನ್ನು ಒಂದು ಚುಕ್ಕೆಯಷ್ಟು ಮೇಲೇರಿಸುತ್ತದೆ, ಕುದುರೆ ಚುಕ್ಕೆಯ ಮೇಲೆ ಬೀಳುತ್ತದೆ. ಢಂ. ಇದು ಶಾಸ್ತ್ರ. ವ್ಯವಹಾರದಲ್ಲಿ ರೀಲು ಅರ್ಧ ಚುಕ್ಕೆ ಮಾತ್ರ ಏರಿರುತ್ತದೆ, ಕುದುರೆ ಎರಡು ಚುಕ್ಕೆಗಳ ನಡುವಿನ ಖಾಲಿ ಕಾಗದಕ್ಕೆ ಬಡಿಯುತ್ತದೆ. ಆಗ ಹುಡುಗ ಪಿಸ್ತೂಲು ಕೆಳಗಿಟ್ಟು, ರೀಲನ್ನು ಕಟ್ಟೆಯ ಮೇಲೆ ಹಾಸಿ ಕಲ್ಲಿನಿಂದ ಕುಟ್ಟುತ್ತಾನೆ. ಕಲ್ಲಿಗೆ ಬಿಡಿಭಾಗ ಬೇಡ. ಇದು ಪ್ರಬಲ ಪೂರ್ವಪಕ್ಷ. ಇದಕ್ಕೆ ಉತ್ತರ ಕೊಡುವುದು ಕಷ್ಟವಾದ್ದರಿಂದ ಮುಂದೆ ಹೋಗುತ್ತೇವೆ.

ಪಿಸ್ತೂಲು ಕೆಡುವುದು ಯಾಕೆ? ‘ಹುಡುಗರ ಕೈ’ ಎನ್ನುವುದು ತಾಯಂದಿರ ಮತ. ರಸಾಯನಶಾಸ್ತ್ರದ ಮತ ಬೇರೆ. ಕೇಪಿನ ಚುಕ್ಕೆಯಲ್ಲಿರುವುದು ಕೆಂಪು ರಂಜಕ ಮತ್ತು ಪೊಟ್ಯಾಸಿಯಂ ಕ್ಲೋರೇಟ್. ಸಿಡಿದಾಗ ಕ್ಲೋರೇಟು ತನ್ನ ಆಮ್ಲಜನಕವನ್ನು ಕೊಟ್ಟು, ಅಡಿಗೆ ಉಪ್ಪಿನ ದಾಯಾದಿಯಾದ ಪೊಟ್ಯಾಸಿಯಂ ಕ್ಲೋರೈಡಾಗಿ ಕುದುರೆಯ ಮೂತಿಗೆ ಅಂಟುತ್ತದೆ. ಗಾಳಿಯ ತೇವ ಸೇರಿದ ಮೇಲೆ ತಗಡಿಗೆ ತುಕ್ಕು ಶುರು. ಹಳೆಯ ಕಾಲದ ರೈಫಲುಗಳಿಗೂ ಇದೇ ರೋಗವಿತ್ತು. ಆಗಿನ ಕಾಡತೂಸಿನ ಬುಡದಲ್ಲೂ ಕ್ಲೋರೇಟೇ ಇದ್ದದ್ದರಿಂದ, ಬ್ರಿಟಿಷ್ ಸೈನಿಕರು ಗುಂಡು ಹಾರಿಸಿದ ಮೇಲೆ ನಳಿಗೆಗೆ ಕುದಿಯುವ ನೀರು ಹೊಯ್ದು, ಒರೆಸಿ, ಎಣ್ಣೆ ಹಚ್ಚುತ್ತಿದ್ದರು. ಬಲಿಪಾಡ್ಯಮಿಯ ಸಂಜೆ ಪಿಸ್ತೂಲಿನ ಮೂತಿಯನ್ನು ಬಿಸಿನೀರಲ್ಲಿ ತೊಳೆದು ಒಂದು ಹನಿ ಶೇಂಗಾ ಎಣ್ಣಿ ಬಿಡುವ ಮನೆಯಲ್ಲಿ ಅದು ಮುಂದಿನ ವರ್ಷಕ್ಕೂ ಬಾಳುತ್ತದೆ. ಆ ಎಣ್ಣಿಯನ್ನು ಬಿಡಿಭಾಗವೆಂದು ಎಣಿಸಬೇಕೋ ಬೇಡವೋ ಎಂಬ ವಾದವನ್ನು ಅಡಿಗೆಮನೆಯ ಮಾಲಕಿಯರ ಮುಂದೆ ಎತ್ತದಿರುವುದು ಲೇಸು.

ಈಗ ಸ್ಪ್ರಿಂಗಿನ ವಿಚಾರ. ಎಲ್ಲ ಪಂಥಗಳೂ ಸಾಯುವುದು ಇಲ್ಲಿಯೇ. ಬಾಲ್‌ಪೆನ್ನಿನ ಸ್ಪ್ರಿಂಗು ಕೂಡಿಟ್ಟರೆ ಸಾಕೆಂಬುದು ಶಾಲಾ ಹುಡುಗರ ಮತ. ಇದು ಅಜ್ಞಾನ. ಪೆನ್ನಿನದು ಒತ್ತುವ ಜಾತಿಯ ಸ್ಪ್ರಿಂಗು. ತಗಡಿನ ಕುದುರೆಗೆ ಬೇಕಾದದ್ದು ತಿರುಚುವ ಜಾತಿಯದು. ತಿರುಚುವ ಜಾತಿಯದು ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿದೆ ಎಂದು ನವ್ಯರು ಹೇಳುತ್ತಾರೆ. ಜಾತಿ ಸರಿ, ಗಾತ್ರ ತಪ್ಪು: ಕ್ಲಿಪ್ಪಿನ ಸ್ಪ್ರಿಂಗು ಹಾಕಿದರೆ ಟ್ರಿಗರ್ ಎಳೆಯಲು ಅಪ್ಪನ ಕೈ ಬೇಕು, ಅಪ್ಪನೋ ಒಂದು ಸಲ ಎಳೆದ ಮೇಲೆ ಪಿಸ್ತೂಲು ವಾಪಸು ಕೊಡುವುದಿಲ್ಲ. ರಬ್ಬರ್ ಬ್ಯಾಂಡಿನವರೂ ಇದ್ದಾರೆ. ಅವರದು ಕ್ಷಣಿಕವಾದ, ಬಿಸಿಲಿಗೆ ಎರಡು ದಿನದಲ್ಲಿ ತುಂಡಾಗುತ್ತದೆ.

ಇದಕ್ಕೆ ರಾಣೆಬೆನ್ನೂರು ಪಂಥ ಹೇಳುವ ಪರಿಹಾರ ಸೈಕಲ್ಲಿನ ಹಳೆಯ ಬ್ರೇಕ್ ವಾಯರು. ಅದರ ಒಂದು ಎಳೆಯನ್ನು ಬಿಡಿಸಿ ಮೊಳೆಗೆ ಬಿಗಿಯಾಗಿ ಸುತ್ತಿದರೆ ಹದವಾದ ಸ್ಪ್ರಿಂಗು ಸಿದ್ಧ. ಈ ಪಂಥಕ್ಕೆ ಒಂದು ಸಾಮಾಜಿಕ ಹಿನ್ನೆಲೆಯೂ ಇದೆ. 1974ರಲ್ಲಿ ಘೋಷಣೆಯಾದ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 119 ಚದರ ಕಿಲೋಮೀಟರು. ಚಿಗರಿಗಳಿಗೆ ಅದರ ಗಡಿಯ ನಕ್ಷೆ ಯಾರೂ ಕೊಟ್ಟಿಲ್ಲ, ಹೊಲಕ್ಕೆ ಬರುತ್ತವೆ. ಕೃಷ್ಣಮೃಗ ವನ್ಯಜೀವಿ ಕಾಯ್ದೆಯ ಅತ್ಯುನ್ನತ ರಕ್ಷಣೆಯಲ್ಲಿರುವುದರಿಂದ ರೈತನಿಗೆ ಉಳಿದದ್ದು ಸಪ್ಪಳವೊಂದೇ. ಸಪ್ಪಳವೇ ಸರ್ವಸ್ವವಾದ ತಾಲೂಕಿನಲ್ಲಿ ಸ್ಪ್ರಿಂಗಿಗೆ ಗೌರವ ಹೆಚ್ಚು.

ಹಾವೇರಿ ಪಂಥ ನೂಲಿನದು. ತಗಡಿನ ಕಿವಿಯನ್ನು ಎರಡು ಸಲ ಬಿಚ್ಚಿ ಮಡಚಿದರೆ ಮೂರನೆಯ ಸಲಕ್ಕೆ ಮುರಿಯುತ್ತದೆ. ಸ್ಪ್ರಿಂಗು ಹಾಕಲು ಬಿಚ್ಚಲೇಬೇಕು. ಹೀಗೆ ದುರಸ್ತಿಯೇ ಪಿಸ್ತೂಲನ್ನು ಕೊಲ್ಲುತ್ತದೆ. ಯಾಲಕ್ಕಿ ಪೋಣಿಸಿ, ಮಂತ್ರಿ ಮಹೋದಯರ ಕೊರಳಿಗೆ ಬೀಳುವ ಹಾರ ಮಾಡುವ ಊರಿಗೆ ಎರಡು ಹೋಳು ತಗಡನ್ನು ದಾರ ಸುತ್ತಿ ಬಿಗಿಯುವುದು ಯಾವ ಲೆಕ್ಕ? ಸುತ್ತು ಟ್ರಿಗರಿಗೆ ತಾಗಬಾರದು, ಗಂಟು ಹಿಡಿಯ ಕೆಳಗೆ ಬರಬೇಕು. ಪ್ರಬಂಧಕಾರನಿಗೆ ಈ ಪಂಥದ ಮೇಲೆ ಪಕ್ಷಪಾತವಿದೆ, ಮುಚ್ಚಿಡುವುದಿಲ್ಲ.

ಬ್ಯಾಡಗಿ ಪಂಥ ಪಿಸ್ತೂಲನ್ನು ಮುಟ್ಟುವುದೇ ಇಲ್ಲ. ಕೇಪು ಒಣಗಿರಲಿ, ಮಿಕ್ಕದ್ದು ಆಮೇಲೆ ಎನ್ನುತ್ತದೆ. ಸೋಮವಾರ, ಗುರುವಾರ ಮಾರುಕಟ್ಟೆಯಲ್ಲಿ ಚೀಲಕ್ಕೆ ಕೈಹಾಕಿ ಮೆಣಸಿನಕಾಯಿಯ ತೇವ ಹೇಳುವವರ ಊರು ಅದು. 2011ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಅಲ್ಲಿಯ ಕಾಯಿಯಂತೆಯೇ ಕೇಪಿನ ಪಿಸ್ತೂಲು ಕೂಡ: ಬಣ್ಣ ಜಾಸ್ತಿ, ಖಾರ ಕಡಿಮೆ. ಹಬ್ಬದ ಮುಂಚೆ ಹಿಂಗಾರಿನ ಒಂದು ಮಳೆ ಬಿದ್ದರೆ ತೇವ ಹಿಡಿದ ಕೇಪು ‘ಠುಸ್’ ಎನ್ನುತ್ತದೆ. ಆಗ ಎಷ್ಟು ಸ್ಪ್ರಿಂಗಿದ್ದೇನು? ಆದರೆ ಕೇಪನ್ನು ಹಂಚಿನ ಮೇಲಿಟ್ಟು ಬೆಚ್ಚಗೆ ಮಾಡಬೇಕೆಂಬ ಪಾಠಾಂತರ ಶುದ್ಧ ಪ್ರಕ್ಷಿಪ್ತ. ಅನುಸರಿಸಿದವರ ಹುಬ್ಬು ಉಳಿಯುವುದಿಲ್ಲ. ಇನ್ನೊಂದು ಮಾತು: ಮುಂದಿನ ವರ್ಷಕ್ಕೆಂದು ಎತ್ತಿಟ್ಟ ಕೇಪು ಪಾಡ್ಯಮಿಯ ಮಧ್ಯಾಹ್ನ ದಾಟಿದ್ದನ್ನು ಕಂಡವರಿಲ್ಲ.

ಕ್ಷೇತ್ರಕಾರ್ಯವಿಲ್ಲದ ಪ್ರಬಂಧ ಪ್ರಬಂಧವಲ್ಲವಾದ್ದರಿಂದ ಹಬ್ಬದ ಅಂಗಡಿಯೊಂದರಲ್ಲಿ ಬಿಡಿ ಸ್ಪ್ರಿಂಗು ಕೇಳಲಾಯಿತು. ಅಂಗಡಿಯವರು ಪ್ಲಾಸ್ಟಿಕ್ ಪಿಸ್ತೂಲಿನ ಗೊಂಚಲಿನಿಂದ ತಲೆ ಎತ್ತದೆ, “ಸ್ಪ್ರಿಂಗ್ ಬ್ಯಾರೆ ಸಿಗಂಗಿಲ್ರಿ. ಕೆಟ್ರ ಹೊಸದ ಒಯ್ಯೂದ್ರಿ” ಎಂದರು. ಎಂಟು ಗುಂಡಿನ ಪ್ಲಾಸ್ಟಿಕ್ ಉಂಗುರದ ಕೇಪು ಬಂದ ಮೇಲೆ ರೀಲೂ ಇಲ್ಲ, ಕೊಕ್ಕೆಯೂ ಇಲ್ಲ. ಹೋಳುಗಳನ್ನು ಅಂಟಿಸಿಯೇ ಕಳಿಸುತ್ತಾರೆ, ಬಿಚ್ಚುವ ಮಾತೇ ಇಲ್ಲ. ಅಂದರೆ ಇಡೀ ಪಿಸ್ತೂಲೇ ಬಿಡಿಭಾಗ. ಶಸ್ತ್ರಾಸ್ತ್ರ ಕಾಯ್ದೆ 1959ರಲ್ಲೇ ಮುಟ್ಟಿದ ಅದ್ವೈತಕ್ಕೆ ಮಾರುಕಟ್ಟೆ ಈಗ ಬಂದು ಸೇರಿದೆ.

ಹಾಗಾಗಿ ಸಿದ್ಧಾಂತ ತಗಡಿನ ಪಿಸ್ತೂಲು ಇನ್ನೂ ಅಟ್ಟದ ಮೇಲಿರುವ ಮನೆಗಳಿಗೆ ಮಾತ್ರ ಅನ್ವಯ. ಹೆಚ್ಚುವರಿ ಕುದುರೆ ಬೇಡ, ಟ್ರಿಗರ್ ಬೇಡ. ಬಿಸಿನೀರು, ಎಣ್ಣಿ ಕಂಡರೆ ಅವು ಕೆಡುವುದಿಲ್ಲ. ಬೇಕಾದದ್ದು ಒಂದು ಗೇಣು ಬ್ರೇಕ್ ವಾಯರು, ಒಂದು ಮೊಳ ದಾರ, ಬಿಚ್ಚಿದಾಗ ಹಾರಿಹೋಗುವ ಸ್ಪ್ರಿಂಗು ಹಿಡಿಯಲು ಒಂದು ಬಿಳಿ ಪಂಚೆ. ಪಂಚೆಯನ್ನು ಯಾವ ಪಾಶ್ಚಾತ್ಯನೂ ಪಟ್ಟಿಗೆ ಸೇರಿಸಿಲ್ಲ. ಬಿಡಿಭಾಗಗಳು ಸವೆಯುವುದಕ್ಕಿಂತ ಹೆಚ್ಚಾಗಿ ಮಂಚದ ಕೆಳಗೆ ಕಳೆಯುತ್ತವೆ ಎಂಬುದು ಅವರಿಗೆ ಹೊಳೆದಿಲ್ಲ.

ಅಸಲಿ ಪಿಸ್ತೂಲು ಉಳ್ಳವರು ಈ ಪ್ರಬಂಧವನ್ನು ನಂಬಿ ದಾರ ಸುತ್ತಬೇಡಿ. ಲೈಸೆನ್ಸುಳ್ಳ ದುರಸ್ತಿಗಾರರ ಹತ್ತಿರ ಒಯ್ಯಿರಿ, ಲೈಸೆನ್ಸಿನ ಪುಸ್ತಕವನ್ನೂ ಜೊತೆಗೆ ಒಯ್ಯಿರಿ.