ನಯವಾದ ತಿದ್ದುಪಡಿ

ತಾಲ್ಲೂಕು ಕಚೇರಿ, ಭೂದಾಖಲೆ ವಿಭಾಗ. ಗುಮಾಸ್ತರು ನೌಕರರ ಸಂಘದ ಪದಾಧಿಕಾರಿ. ಹಾಗಾಗಿ ಶಿರಸ್ತೇದಾರರ ದನಿಯಲ್ಲಿ ಬೆಣ್ಣೆ.

“ಟೀ ಆಯ್ತಾ ಸಾರ್? ಈ ಪಹಣಿ ತಿದ್ದುಪಡಿ ಆದೇಶದಲ್ಲಿ 2 ಎಕರೆ 45 ಗುಂಟೆ ಅಂತಿದೆ.”

“ನಾನೇ ಟೈಪ್ ಮಾಡಿದ್ದು.”

“ಅಕ್ಷರ ಮುದ್ದಾಗಿ ಬಂದಿದೆ. ಎಕರೆಗೆ 40 ಗುಂಟೆ ಅಂತ ಒಂದು ವಾಡಿಕೆ ಇತ್ತಲ್ಲ…”

“ಈಗೆಷ್ಟು ಮಾಡಿದ್ದಾರೆ?”

“ಸುತ್ತೋಲೆ ಇನ್ನೂ ಬಂದಿಲ್ಲ.”

“ಹಾಗಾದ್ರೆ ಕಂಪ್ಯೂಟರ್ ತಪ್ಪು.”

“ತಪ್ಪು ದೊಡ್ಡ ಮಾತಾಯ್ತು ಸಾರ್. ರೈತ ಮತ್ತೆ ಅರ್ಜಿ ಕೊಡಲಿ, ತಹಶೀಲ್ದಾರರ ಸಹಿ ಮತ್ತೆ ಆಗಲಿ.”

ಕಿಟಕಿಯಾಚೆ ರೈತ ಕೆಮ್ಮಿದ: “ಸ್ವಾಮಿ, ಮೊದಲು 24 ಗುಂಟೆ ಅಂತ ಸರಿಯಾಗೇ ಇತ್ತು. ನಾನು ತಿದ್ದಿಸೋಕೆ ಬಂದಿದ್ದು ನಮ್ಮಪ್ಪನ ಹೆಸರು.”

ಶಿರಸ್ತೇದಾರರು ಗದರಿದರು: “ಮೆಲ್ಲಗೆ ಮಾತಾಡಯ್ಯಾ! ಸಾಹೇಬ್ರ ಮನಸ್ಸಿಗೆ ನೋವಾದೀತು.”