ಕುರ್ಚಿ ಮಾಡಿದವನಿಂದ ಕುರ್ಚಿಯಲ್ಲಿರುವವರಿಗೆ

ಮಾನ್ಯ ಮೇಲ್ಮನವಿ ಅಧಿಕಾರಿಗಳೇ,

ಜಿಎಸ್‌ಟಿ ತಡವಾಗಿ ಕಟ್ಟಿದ್ದಕ್ಕೆ 10,000 ರೂಪಾಯಿ ದಂಡ ಹಾಕಿರುವ ಆದೇಶ ಕೈಸೇರಿದೆ. ತೆರಿಗೆ ಕಟ್ಟಿಯಾಗಿದೆ. ವರ್ಷಕ್ಕೆ ಶೇ 18ರ ಬಡ್ಡಿ, ದಿನಕ್ಕೆ 50 ರೂಪಾಯಿಯ ತಡಶುಲ್ಕವೂ ಸಂದಾಯವಾಗಿವೆ. ಉಳಿದಿರುವುದು ದಂಡವೊಂದೇ. ಅದರ ಬಗ್ಗೆ ಈ ಬಿನ್ನಹ.

ನನ್ನದು ಕುರ್ಚಿ, ಮೇಜು ತಯಾರಿಸುವ ಸಣ್ಣ ಕಾರ್ಖಾನೆ. ಸರ್ಕಾರಿ ಕಚೇರಿಯೊಂದಕ್ಕೆ ಕುರ್ಚಿ ಪೂರೈಸಿ ಬಿಲ್ ಕೊಟ್ಟೆ. ಬಿಲ್ ಕೊಟ್ಟರೆ ಸಾಕು, ಮುಂದಿನ ತಿಂಗಳ 20ರೊಳಗೆ ಅದರ ತೆರಿಗೆ ಕಟ್ಟಬೇಕು. ಹಣ ಬಂತೇ ಎಂದು ಕಾಯ್ದೆ ಕೇಳುವುದಿಲ್ಲ, ಅದಕ್ಕೆ ಅಷ್ಟು ಸಂಕೋಚ. ತೆರಿಗೆ ಕಟ್ಟದೆ ರಿಟರ್ನ್ ಸಲ್ಲಿಸೋಣವೆಂದರೆ ಜಾಲತಾಣ ಒಪ್ಪುವುದಿಲ್ಲ.

ಕಚೇರಿಯಲ್ಲಿ ವಿಚಾರಿಸಿದೆ. ಮೊದಲು ‘ಅನುದಾನ ಬಂದಿಲ್ಲ’ ಎಂದರು. ಆಮೇಲೆ ‘ಫೈಲು ಮೇಲೆ ಹೋಗಿದೆ’ ಎಂದರು. ಕೊನೆಗೆ ‘ಸಾಹೇಬರು ಮೀಟಿಂಗಿನಲ್ಲಿದ್ದಾರೆ’ ಎಂದರು. ಮೀಟಿಂಗ್ ನಡೆಯುತ್ತಿದ್ದುದು ನನ್ನ ಕುರ್ಚಿಗಳ ಮೇಲೆಯೇ ಆದ್ದರಿಂದ ಅವು ಗಟ್ಟಿಮುಟ್ಟಾಗಿವೆ ಎಂಬುದಾದರೂ ಖಾತ್ರಿಯಾಯಿತು. ಸಣ್ಣ ಉದ್ದಿಮೆದಾರರಿಗೆ 45 ದಿನದೊಳಗೆ ಹಣ ಸಲ್ಲಬೇಕೆಂದು 2006ರ ಕಾಯ್ದೆಯಿದೆ. ಅದನ್ನು ನೆನಪಿಸಿದಾಗ ಗುಮಾಸ್ತರು ಬಹಳ ಹೊತ್ತು ನಕ್ಕರು. ಬಾರದ ಹಣದ ಮೇಲಿನ ತೆರಿಗೆಯನ್ನು ಕೈಸಾಲ ಮಾಡಿ ಕಟ್ಟಿದೆ. ನನಗೆ ಕೊಡಬೇಕಾದವರೂ ಸರ್ಕಾರ, ನನ್ನಿಂದ ಬಡ್ಡಿ ಪಡೆದವರೂ ಸರ್ಕಾರ.

ಹೆಚ್ಚು ಕಟ್ಟಿದ್ದನ್ನು ವಾಪಸು ಕೊಡಲು ಸರ್ಕಾರಕ್ಕೆ 60 ದಿನದ ಗಡುವು. ಅದನ್ನು ಮೀರಿದರೆ ಅವರು ಕೊಡುವ ಬಡ್ಡಿ ಸಾಮಾನ್ಯವಾಗಿ ಶೇ 6. ಅತ್ತೆ ಒಡೆದದ್ದು ಒಡಕು ಗಡಿಗೆ, ಸೊಸೆ ಒಡೆದದ್ದು ಹೊಸ ಗಡಿಗೆ. ನಾನು ನಿಮ್ಮ ಬಳಿ ಬರಲು ಮೂರು ತಿಂಗಳು, ಕಾರಣ ಒಪ್ಪಿಗೆಯಾದರೆ ಇನ್ನೊಂದು ತಿಂಗಳು. ಜೊತೆಗೆ ದಂಡದ ಹತ್ತನೇ ಒಂದು ಭಾಗ ಮುಂಗಡ ಠೇವಣಿ. ನೀವು ತೀರ್ಪು ಕೊಡಲು ಒಂದು ವರ್ಷ, ಅದೂ ‘ಸಾಧ್ಯವಾದಲ್ಲಿ’. 107ನೇ ಸೆಕ್ಷನ್ನಿನಲ್ಲಿರುವ ಆ ಸಾಧ್ಯಾಸಾಧ್ಯದ ಕರುಣೆ ತಿಂಗಳ 20ನೇ ತಾರೀಖಿಗೆ ಯಾಕೆ ಅನ್ವಯಿಸಲಿಲ್ಲವೋ!

ನಿಮ್ಮ ತೀರ್ಪು ಒಪ್ಪದವರು ಹೋಗಬೇಕಾದ ಜಿಎಸ್‌ಟಿ ನ್ಯಾಯಮಂಡಳಿಯದಂತೂ ರಾಜವೈಭವದ ವಿಳಂಬ. ತೆರಿಗೆ ಜಾರಿಯಾದದ್ದು 2017ರ ಜುಲೈ 1ರಂದು, ಮಂಡಳಿಗೆ ದೆಹಲಿಯಲ್ಲಿ ಚಾಲನೆ ಸಿಕ್ಕಿದ್ದು 2025ರ ಸೆಪ್ಟೆಂಬರ್ 24ರಂದು. ದಿನಕ್ಕೆ 50 ರೂಪಾಯಿಯ ನಮ್ಮ ದರದಲ್ಲಿ ಗುಣಿಸಿದರೆ ತಡಶುಲ್ಕ ಒಂದೂವರೆ ಲಕ್ಷ ದಾಟುತ್ತದೆ. ಗಾಬರಿ ಬೇಡ, ತಡಶುಲ್ಕಕ್ಕೆ ಗರಿಷ್ಠ ಮಿತಿಯುಂಟು. ನನ್ನಂಥ ಸಣ್ಣವರಿಗೆ ರಿಟರ್ನ್ ಒಂದಕ್ಕೆ ಅದು 2,000 ರೂಪಾಯಿ. ಸರ್ಕಾರವನ್ನೂ ಸಣ್ಣ ವ್ಯಾಪಾರಿಯೆಂದೇ ಪರಿಗಣಿಸಲು ನನ್ನ ಅಭ್ಯಂತರವಿಲ್ಲ.

ಆದ್ದರಿಂದ ದಂಡವನ್ನು ರದ್ದುಗೊಳಿಸಬೇಕಾಗಿ ವಿನಂತಿ. ಅದು ಆಗದಿದ್ದರೆ, ನನ್ನ ಬಾಕಿ ಬಿಲ್ಲಿನಲ್ಲಿ 10,000 ಮುರಿದುಕೊಂಡು ಉಳಿದದ್ದನ್ನು ಈ ತಿಂಗಳ 20ರೊಳಗೆ ನನ್ನ ಖಾತೆಗೆ ಜಮಾ ಮಾಡಿಸಿ. ತಡವಾದರೆ ಬಡ್ಡಿ ಶೇ 18.

ಇಂತಿ,
ತಮ್ಮ ವಿಧೇಯ ತೆರಿಗೆದಾರ